ಹೀರೊ ಹಿಂದೆ ನಿಂತ ನಮ್ಮೂರವರು

‘ತಿಥಿ’ ನೋಡಿದವರಿಗೆ ಗಡ್ಡಪ್ಪ ನೆನಪಿರಲೇಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿಯ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ ಅದು. ಗಡ್ಡಪ್ಪನಾದ ಚನ್ನೇಗೌಡರಾಗಲಿ, ಸೆಂಚುರಿಗೌಡನಾದ ಸಿಂಗ್ರಿಗೌಡರಾಗಲಿ ನಟನೆ ಕಲಿತವರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದ ಮೇಲೆ ಇವರೇ ಸ್ಟಾರ್‌ಗಳಾದರು.

ಆದರೆ ಸ್ಟಾರ್ ಇರುವ ಸಿನಿಮಾ ಹಳ್ಳಿಗೆ ಬಂದರೆ ಲೆಕ್ಕವೇ ಬೇರೆ.

ನಮ್ಮೂರು ಕಿತ್ತೂರು ಪಕ್ಕದ ದೇಗಾಂವ. ಎರಡು ವರ್ಷದ ಹಿಂದೆ ಹತ್ತಿರದ ಹಳ್ಳಿಯಲ್ಲಿ ಶೂಟಿಂಗ್ ಇತ್ತು. ಜಾತ್ರೆಯ ಸೀನ್‌ಗೆ ಜನ ಬೇಕೆಂದು ನಮ್ಮ ಕಾಕಾನನ್ನೂ ಕರೆದರು. ಬೆಳಿಗ್ಗೆ ಆರಕ್ಕೆ ಹೋದವರಿಗೆ ಹೀರೊ ಕಂಡದ್ದು ಮಧ್ಯಾಹ್ನ ಮೂರಕ್ಕೆ. ‘ಕ್ಯಾಮೆರಾ ನೋಡಬೇಡಿ, ಹೀರೊನ ನೋಡಿ ನಗಿ’ ಎಂದು ಮೈಕ್‌ನಲ್ಲಿ ಕೂಗಿದ್ದೇ ಕೂಗಿದ್ದು. ಒಂದೇ ನಗು ಹನ್ನೊಂದು ಸಲ! ಮರುದಿನವೂ ಅದೇ ಅಂಗಿ, ಅದೇ ಪಟಕಾ. ಬೆವರು ನಾತ ಹೊಡೆದರೂ ಒಗೆಯುವಂತಿಲ್ಲ. ದಿನಕ್ಕೆ 500 ಎಂದಿದ್ದ ಏಜೆಂಟ್ ಕೈಗಿಟ್ಟದ್ದು 300. ಕೇಳಿದರೆ, ‘ಹೀರೊ ಜೊತೆ ಕಾಣಿಸ್ಕೊಳ್ತೀರಲ್ಲ, ಸಾಲ್ದಾ?’ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಹೋದ ನನ್ನ ಗೆಳೆಯರಿಗೂ ‘ಎಕ್ಸ್‌ಪೀರಿಯೆನ್ಸ್ ಸಿಗುತ್ತಲ್ಲ’ ಎಂದೇ ಹೇಳಿದ್ದರು.

ಕಾಕಾ ಅಲ್ಲಿ ‘ಜನ’. ಊರಲ್ಲಿ ಮಾತ್ರ ಅವನು ಬಾಳ್ಯಾ. ‘ಸಂಗ್ಯಾ ಬಾಳ್ಯಾ’ ಕಥೆ ನಡೆದದ್ದೇ ಬೈಲಹೊಂಗಲ ಸೀಮೆಯ ಬೈಲವಾಡದಲ್ಲಿ. ಆ ಸಣ್ಣಾಟವನ್ನು ಬೆಳತನಕ ಹಾಡಿ ಕುಣಿಯುವ ಮನುಷ್ಯನಿಗೆ ನಗುವುದನ್ನು ಕಲಿಸಲು ಒಬ್ಬ ಅಸಿಸ್ಟೆಂಟ್! ನನಗೆ ಇವತ್ತಿಗೂ ಸಿಟ್ಟು ಅದಕ್ಕೇ, 200 ರೂಪಾಯಿಗಲ್ಲ.

ಸಿನಿಮಾ ಬಂದಾಗ ಬೆಳಗಾವಿಗೆ ಹೋಗಿ ನೋಡಿದೆವು. ಹೀರೊನ ಭುಜದ ಹಿಂದೆ ಕಾಕಾ ಎರಡು ಸೆಕೆಂಡ್ ಕಂಡ. ನಮ್ಮ ಸಾಲಿನವರೆಲ್ಲ ಸಿಳ್ಳೆ ಹೊಡೆದೆವು, ಸುಳ್ಳೇಕೆ, ಖುಷಿಯೇ ಆಯಿತು. ಕೊನೆಗೆ ಲೈಟ್‌ಬಾಯ್, ಡ್ರೈವರ್‌ಗಳ ಹೆಸರೂ ಬಂದವು. ನಮ್ಮವರಿಗೆ ‘ಗ್ರಾಮಸ್ಥರಿಗೆ ಧನ್ಯವಾದಗಳು’.

ನಮ್ಮೂರ ಕಮಲನಾರಾಯಣ ಗುಡಿಯನ್ನು 12ನೇ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ. ಕಟ್ಟಿದ ಶಿಲ್ಪಿ ತಿಪ್ಪೋಜ. ರಾಣಿಯ ಹೆಸರಿನ ಜೊತೆ ಅವನದೂ ಉಳಿದಿದೆ. ಗ್ರಾಮಸ್ಥರ ನಲವತ್ತು ಹೆಸರು ಪರದೆ ಮೇಲೆ ಓಡಿಸಲು ಎಷ್ಟು ಸೆಕೆಂಡ್ ಬೇಕಿತ್ತು?

ಮೊನ್ನೆ ಮತ್ತೊಂದು ತಂಡದವರು ಜಾಗ ನೋಡಲು ಬಂದಿದ್ದರಂತೆ. ‘ಹೋಗ್ತಿಯೇನು ಕಾಕಾ?’ ಎಂದು ಫೋನಿನಲ್ಲಿ ಕೇಳಿದೆ. ‘ಹೋಗೂಣು. ಆದ್ರ ಈ ಸಲ ರೊಕ್ಕಾ ಮೊದಲ, ನಗೂದು ಆಮ್ಯಾಲ’ ಅಂದ.