ನೀಲಗುಂದ: ಕಟ್ಟೆಯೂ ಪ್ಲಾಟೂ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದಕ್ಕೆ ಹೋಗುವ ಪ್ರವಾಸಿಗನು ಸಾಮಾನ್ಯವಾಗಿ ಭೀಮೇಶ್ವರ ದೇವಾಲಯವನ್ನು ನೋಡುವುದಕ್ಕೆಂದೇ ಹೋಗುವನು. ಬಳಪದ ಕಲ್ಲಿನಲ್ಲಿ ಕಡೆದ ಆ ಚಾಲುಕ್ಯ ಗುಡಿಯ ಸೂಕ್ಷ್ಮಶಿಲ್ಪವನ್ನು ಕಂಡು, ಅಲೆಗ್ಸಾಂಡರ್ ರೀ ಎಂಬ ವಿದ್ವಾಂಸರು 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಬಾಗಳಿ, ಕುರುವತ್ತಿ, ಮಾಗಳಗಳ ಸಾಲಿನಲ್ಲಿ ಈ ಊರಿಗೂ ಸ್ಥಾನವಿತ್ತುದು ಉಚಿತವೇ ಆಯಿತೆಂದು ಮೆಚ್ಚಿ, ಬಂದ ದಾರಿಯಲ್ಲಿಯೇ ಹಿಂತಿರುಗುವನು. ಗುಡಿಯ ವಿಷಯವನ್ನು ನಾನೂ ಇಷ್ಟರಲ್ಲಿಯೇ ಮುಗಿಸುತ್ತೇನೆ. ಆ ಗುಡಿಯ ಸುತ್ತ ಒಂಬತ್ತು ಶತಮಾನಗಳಿಗೂ ಮಿಕ್ಕಿ ಮನೆ ಕಟ್ಟಿಕೊಂಡು, ಒಬ್ಬರ ಗೋಡೆಗೆ ಇನ್ನೊಬ್ಬರು ಒರಗಿ ಬಾಳುತ್ತ ಬಂದ ಜನದ ವಾಸಕ್ರಮವೇ ನನಗೆ ಇಂದು ಹೆಚ್ಚಿನ ಆಸಕ್ತಿಯ ವಿಷಯ.

ಊರು ಹಳೆಯದು. ಇಲ್ಲಿ ದೊರೆತ ಆರನೆಯ ವಿಕ್ರಮಾದಿತ್ಯನ ತಾಮ್ರಶಾಸನವು ಕ್ರಿ.ಶ. 1087 ಮತ್ತು 1123ರ ದತ್ತಿಗಳನ್ನು ಹೇಳುತ್ತದೆ. ಆಗ ಇದು ಕೋಗಳಿನಾಡು. ಅನಂತರ ಪಾಳೆಯಗಾರರ ಸೀಮೆ. ಬಳಿಕ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. 1953ರಲ್ಲಿ ಮೈಸೂರು ರಾಜ್ಯ. 1997ರಲ್ಲಿ ದಾವಣಗೆರೆ ಜಿಲ್ಲೆ. 2018ರಲ್ಲಿ ಪುನಃ ಬಳ್ಳಾರಿ. 2021ರಿಂದ ವಿಜಯನಗರ ಜಿಲ್ಲೆ. ಕಚೇರಿಯ ಕಾಗದದಲ್ಲಿ ವಿಳಾಸವು ಇಷ್ಟು ಬಾರಿ ಬದಲಾದರೂ ಊರೊಳಗಿನ ವಿಳಾಸ ಮಾತ್ರ ಬದಲಾಗದೆ, ಇಂಥ ಕೇರಿ, ಇಂಥವರ ಮನೆಯ ಬಾಜು ಎಂದೇ ಇಂದಿಗೂ ನಡೆದು ಬಂದಿರುವುದು.

ಈ ಸೀಮೆಯ ಹಳೆಯ ಮನೆ ಮಾಳಿಗೆಮನೆ. ಮರದ ತೊಲೆಜಂತೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮೇಲ್ಛಾವಣಿ, ನಡುವೆ ಬೆಳಕಿಂಡಿ, ಹೊಸಿಲು ದಾಟಿದೊಡನೆ ದನ ಕಟ್ಟುವ ತಗ್ಗು ನೆಲ, ಅದಕ್ಕೆ ಅಭಿಮುಖವಾಗಿ ಎತ್ತರದಲ್ಲಿ ಪಡಸಾಲೆ, ಒಳಗೆ ಅಡಿಗೆಮನೆ, ದೇವರಮನೆ. ಮನೆಯ ವಿಸ್ತಾರವನ್ನು ಚದರಡಿಯಲ್ಲಿ ಅಳೆಯದೆ ಅಂಕಣಗಳಲ್ಲಿ ಎಣಿಸುವರು. ಐದಂಕಣದ ಮನೆಯೆಂದರೆ ಕೇಳಿದವನ ಕಣ್ಣಿಗೆ ಕಂಬಸಾಲು ಕಟ್ಟುವುದು. ಆದರೆ ನನ್ನ ಮಟ್ಟಿಗೆ ಈ ಗೃಹರಚನೆಯ ಜೀವಾಳವಿರುವುದು ಮನೆಯೊಳಗಲ್ಲ, ಬಾಗಿಲ ಇಕ್ಕೆಲದ ಕಟ್ಟೆಯಲ್ಲಿ. ಕಟ್ಟೆ ಮನೆಯವರದು, ಆದರೂ ಬಿಸಿಲಿನಲ್ಲಿ ಬಂದ ಯಾರನ್ನಾದರೂ ಅಲ್ಲಿಂದ ಏಳಿಸಿದವರನ್ನು ನಾನು ಕಾಣೆ. ಮೆಕ್ಕೆಜೋಳದ ಧಾರಣೆ, ಮಗಳ ನೆಂಟಸ್ತಿಕೆ, ಬಾರದ ಮಳೆ, ಬದುವಿನ ವ್ಯಾಜ್ಯ, ಇವೆಲ್ಲ ಪಂಚಾಯಿತಿ ಕಟ್ಟಡಕ್ಕೆ ಹೋಗುವ ಮುನ್ನ ಈ ಕಟ್ಟೆಯನ್ನು ಹಾದೇ ಹೋಗುವುವು.

ಹೊಗೆಯ ವಿಷಯದಲ್ಲಿಯೂ ಕಟ್ಟೆಗೆ ತನ್ನದೇ ಶಾಸನವಿದ್ದಿತು. ಹೊಲದಿಂದ ಬರುವ ತರುಣನು ಹಿರಿಯರ ಸುಳಿವು ಕಂಡೊಡನೆ ಉರಿಯುವ ಬೀಡಿಯನ್ನು ಮುಷ್ಟಿಯೊಳಗೆ ಮರೆಮಾಡಿ ಸುಟ್ಟ ಅಂಗೈಯನ್ನು ಸಹಿಸುತ್ತಿದ್ದನೇ ಹೊರತು ಅವರೆದುರಿಗೆ ಹೊಗೆ ಬಿಡುತ್ತಿರಲಿಲ್ಲ. ಬಿಟ್ಟನಾದರೆ, “ಹಿರೇರು ಕುಂತಾರ, ಆಚಿಗೆ ಹೋಗಿ ಸೇದಪ್ಪಾ” ಎಂಬ ಒಂದು ಮಾತು ದಂಡವನ್ನೂ ಮೀರಿ ನಾಟುತ್ತಿತ್ತು. ಈ ಶಾಸನ ಪರಿಪೂರ್ಣವಾಗಿದ್ದಿತೆಂದು ನಾನು ಹೇಳೆನು. ಅದು ಹಿರಿಯರ ಗೌರವವನ್ನು ಕಾಯಿತು, ಕಿರಿಯರ ಶ್ವಾಸವನ್ನು ಕಾಯಲಿಲ್ಲ; ಚುಟ್ಟಾ ಸೇದುವ ಅಜ್ಜನ ಮಡಿಲಲ್ಲಿಯೇ ಮೊಮ್ಮಗು ಮಲಗಿರುತ್ತಿತ್ತು, ಅದನ್ನು ಕೇಳುವವರಿರಲಿಲ್ಲ. ಒಳಗೆ ಸೊಸೆಯ ಕೆಮ್ಮಿಗಂತೂ ಕಟ್ಟೆಯ ನ್ಯಾಯದಲ್ಲಿ ಸ್ಥಾನವೇ ಇರಲಿಲ್ಲ.

ಈಗ ಈ ಸೀಮೆಯ ಊರುಗಳು ತಮ್ಮ ಅಂಚಿನ ಹೊಲಗಳನ್ನು ನುಂಗಿ ಬೆಳೆಯುತ್ತಿವೆ. ಹೀಗೆ ಬೆಳೆದ ಬಡಾವಣೆಗೆ ಜನರು ಇಟ್ಟ ಹೆಸರು ‘ಪ್ಲಾಟು’. ದೇವರಾಜ ಅರಸರ ಕಾಲದ ಜನತಾಮನೆಗಳು, ತೊಂಬತ್ತರ ದಶಕದಿಂದ ಬಂದ ಆಶ್ರಯಮನೆಗಳು, ಬಸವ ವಸತಿಯ ಮನೆಗಳು, ಸ್ವಂತ ದುಡ್ಡಿನಿಂದ ಆರ್‌ಸಿಸಿ ಹಾಕಿಸಿದವರ ಮನೆಗಳು, ಎಲ್ಲವೂ ಈ ಒಂದು ಮಾತಿನೊಳಗೆ ಅಡಗಿವೆ. ಸೋರುವ ಗುಡಿಸಲಿನಲ್ಲಿ ಮೂರು ತಲೆಮಾರು ಕಳೆದವನಿಗೆ ಪಟ್ಟಾ ದೊರೆತುದು ಅಲ್ಪ ಸಂಗತಿಯಲ್ಲ. ಹಳೆಯ ಕೇರಿಗಳ ಕಟ್ಟೆ ಎಲ್ಲ ಜಾತಿಯವರಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನು ಮರೆತು ಪ್ಲಾಟನ್ನು ಹಳಿಯುವುದು ಅನ್ಯಾಯ. ಆದರೂ ಒಂದು ಕೊರತೆ ಕಣ್ಣಿಗೆ ಹೊಡೆಯುವಂತಿದೆ: ಅಂಗೈಯಗಲದ ನಿವೇಶನದಲ್ಲಿ ಪ್ರತಿ ಅಡಿಯೂ ಕೋಣೆಗೆ ಬೇಕಾಗಿ, ಕಟ್ಟೆ ಕಾಣೆಯಾಯಿತು. ಕಿಟಕಿಗೆ ಕಿಟಕಿ ಎದುರಾಯಿತು. ಕೂಡುವ ಸ್ಥಳ ಕಳೆದುಕೊಂಡ ಗಂಡಸರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೂ ಮಂಡಕ್ಕಿ-ಮಿರ್ಚಿಯ ಅಂಗಡಿಗೂ ವಲಸೆ ಹೋದರು. ಅವರೊಡನೆ ಬೀಡಿಯೂ ಹೋಯಿತು.

ಕಾನೂನು ಅವರನ್ನು ಹಿಂಬಾಲಿಸಿ ಬಂದುದು ಅಲ್ಲಿಗೇ. 2003ರ ತಂಬಾಕು ನಿಯಂತ್ರಣ ಕಾಯಿದೆಯಂತೆ ರೂಪಿಸಿದ ನಿಯಮಗಳು 2008ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನವೇ, ಜಾರಿಗೆ ಬಂದವು. ಆಸ್ಪತ್ರೆ, ಕಚೇರಿ, ಶಾಲೆ, ಹೋಟೆಲು, ಬಸ್ಸು ಮೊದಲಾದೆಡೆ ಧೂಮಪಾನದ ನಿಷೇಧ ಬಿಗಿಯಾಯಿತು. ಬಯಲಾದರೂ ಬಸ್‌ ನಿಲ್ದಾಣವನ್ನು ನಿಯಮ ಬಿಡಲಿಲ್ಲ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲಕ್ಕೆ ಕಡಿಮೆಯಿಲ್ಲದ ಫಲಕ ಹಾಕಬೇಕೆಂದೂ ವಿಧಿಸಿತು. ದಂಡ 200 ರೂಪಾಯಿಯವರೆಗೆ ಇದ್ದುದನ್ನು ಕರ್ನಾಟಕದ 2024ರ ತಿದ್ದುಪಡಿ 1,000ಕ್ಕೆ ಏರಿಸಿ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಒಯ್ದಿತು. ದಿನಗೂಲಿಯವನಿಗೆ ಸಾವಿರ ರೂಪಾಯಿಯ ಭಾರ ಎಷ್ಟೆಂದು ನಾನು ಬಲ್ಲೆನಾದರೂ, ಆಸ್ಪತ್ರೆಗೆ ಹೋಗಲು ಬಸ್ಸಿಗೆ ಕಾದು ಕುಳಿತ ಬಸುರಿಯು ಅನ್ಯರ ಹೊಗೆಯನ್ನು ಉಸಿರಾಡಬೇಕಾಗುವುದನ್ನು ನೆನೆದರೆ ಈ ನಿಯಮ ನ್ಯಾಯವಾದುದೆಂದೇ ನನಗೆ ತೋರುವುದು. ರಾಜ್ಯದ ವಯಸ್ಕರಲ್ಲಿ ಧೂಮಪಾನಿಗಳು ನೂರಕ್ಕೆ ಒಂಬತ್ತರಷ್ಟೆಂದು 2016-17ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಉಳಿದ ತೊಂಬತ್ತೊಂದು ಮಂದಿಗೂ ಗಾಳಿ ಒಂದೇ.

ಆದರೆ ನಿಯಮದ ಕೈ ಮನೆಯ ಹೊಸಿಲಿನಲ್ಲಿ ನಿಲ್ಲುವುದು. ಪ್ಲಾಟಿನ ಓಣಿಯಲ್ಲಿ ನೆರೆಯವನು ತನ್ನ ಬಾಗಿಲಲ್ಲಿ ನಿಂತು ಸೇದಿದರೆ ಆಚೆಮನೆಯ ತೊಟ್ಟಿಲಿಗೆ ಹೊಗೆ ಹೋಗುವುದನ್ನು ಯಾವ ಫಲಕವೂ ತಡೆಯಲಾರದು. ಅಲ್ಲಿ ಬೇಕಾದುದು ಕಟ್ಟೆಯ ಹಳೆಯ ಮಾತೇ, ಹಿರಿಯರ ಮರ್ಯಾದೆಗಾಗಿ ಇದ್ದುದು ಈಗ ಕೂಸಿನ ಶ್ವಾಸಕ್ಕಾಗಿ ತಿರುಗಬೇಕು, ಮಾತಾಡುವ ಅಧಿಕಾರ ಸೊಸೆಗೂ ಬರಬೇಕು: “ಅಣ್ಣಾ, ಕೂಸು ಮಲಗೈತಿ, ಅತ್ಲಾಗ ಹೋಗಿ ಸೇದ್ರಿ.” ಈ ಮಾತು ಜಗಳವಾಗದೆ ನಡೆಯಬೇಕಾದರೆ ಹೇಳುವವಳಿಗೂ ಕೇಳುವವನಿಗೂ ಮೊದಲೇ ಮುಖಪರಿಚಯವಿರಬೇಕು, ಪರಿಚಯವಾಗುವುದಕ್ಕೆ ಕೂಡುವ ಸ್ಥಳವಿರಬೇಕು. ಆದುದರಿಂದ ಇನ್ನು ಮುಂದೆ ಈ ಸೀಮೆಯಲ್ಲಿ ಪ್ಲಾಟಿನ ನಕ್ಷೆ ಬರೆಯುವವರು ರಸ್ತೆ, ಚರಂಡಿ, ನೀರಿನ ಟ್ಯಾಂಕಿಗೆ ಜಾಗ ಗುರುತಿಸಿದಂತೆ, ಪ್ರತಿ ಓಣಿಗೂ ಒಂದು ಬೇವಿನ ಗಿಡವನ್ನೂ, ಅದರ ಸುತ್ತ ಹತ್ತು ಜನ, ಹೆಂಗಸರೂ ಸೇರಿ, ಕೂರಬಹುದಾದ ಒಂದು ಕಲ್ಲುಕಟ್ಟೆಯನ್ನೂ ಗುರುತಿಸಬೇಕೆಂದು ನಾನು ಬೇಡುವೆನು.