ದನದ ಅನ್ನನಾಳ ಕಟ್ಟಿಕೊಂಡರೆ

ದನವು ಮೊದಲು ಗಬಗಬನೆ ನುಂಗಿ, ಆಮೇಲೆ ಮೆಲುಕು ಹಾಕುವ ಪ್ರಾಣಿ. ಆದ್ದರಿಂದಲೇ ಮಾವಿನ ಓಟೆ, ಮೆಕ್ಕೆಜೋಳದ ತೆನೆ, ಇಡಿಯ ಗೆಣಸು ಅದರ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದುಂಟು. ಬಾಯಿಂದ ಹೊಟ್ಟೆಗೆ ಹೋಗುವ ಈ ನಾಳವು ದೊಡ್ಡ ದನಕ್ಕೆ ಸುಮಾರು 3 ಅಡಿ ಉದ್ದವಿರುತ್ತದೆ. ನಮ್ಮ ಧರೂರು ಸೀಮೆಯ ರೈತಬಾಂಧವರು ಈ ಬೇನೆಯ ಗುರುತುಗಳನ್ನು ತಿಳಿದಿರುವುದು ಒಳ್ಳೆಯದು.

ದನವು ಕತ್ತು ಚಾಚಿ ಕೆಮ್ಮುತ್ತದೆ, ಜೊಲ್ಲು ಸುರಿಸುತ್ತದೆ, ಕುಡಿದ ನೀರು ಮೂಗಿನಿಂದ ಮರಳುತ್ತದೆ. ನಾಳ ಪೂರ್ತಿ ಮುಚ್ಚಿದ್ದರೆ ಹೊಟ್ಟೆಯ ಗಾಳಿ ತೇಗಾಗಿ ಹೊರಬರಲಾರದೆ ಎಡಪಕ್ಕೆ ಉಬ್ಬುತ್ತದೆ. ಈ ಉಬ್ಬರವೇ ಉಸಿರು ಕಟ್ಟಿಸಿ ಕೆಲವೇ ಗಂಟೆಗಳಲ್ಲಿ ದನವನ್ನು ಕೊಲ್ಲಬಲ್ಲದು.

ಇಂಥ ಹೊತ್ತಿನಲ್ಲಿ ಗೊಟ್ಟದಿಂದ ಎಣ್ಣೆ, ಮಜ್ಜಿಗೆ ಹೊಯ್ಯಬಾರದು. ಮುಚ್ಚಿದ ನಾಳದಲ್ಲಿ ಇಳಿಯದ ದ್ರವವು ಶ್ವಾಸಕೋಶಕ್ಕೆ ಹೋಗುತ್ತದೆ. ಕೋಲಿನಿಂದ ನೂಕಿದರೆ, ಹೊರಗಿನಿಂದ ಕಲ್ಲಿನಿಂದ ಜಜ್ಜಿದರೆ ನಾಳ ಹರಿಯುತ್ತದೆ. ಬರಿಗೈಯನ್ನು ಬಾಯೊಳಗೆ ಹಾಕಲೇಬಾರದು. ಹುಚ್ಚುನಾಯಿ ಕಡಿದ ದನವೂ ಹೀಗೆಯೇ ಜೊಲ್ಲು ಸುರಿಸುತ್ತ ನುಂಗಲಾರದೆ ನಿಲ್ಲುತ್ತದೆ. ಆ ಜೊಲ್ಲಿನಿಂದ ಮನುಷ್ಯನಿಗೂ ರೋಗ ಅಂಟಬಹುದು.

ಪಶುವೈದ್ಯರು ಮೊದಲು ಕತ್ತಿನ ಎಡಬದಿಯನ್ನು ಮುಟ್ಟಿ ಗಂಟನ್ನು ಹುಡುಕುತ್ತಾರೆ. ಅಲ್ಲಿ ಸಿಗದಿದ್ದರೆ ಬಾಯಿಯ ಮೂಲಕ ಮೆತ್ತನೆಯ ಕೊಳವೆ ಇಳಿಸುತ್ತಾರೆ. ಕೊಳವೆ ಎಷ್ಟು ಉದ್ದ ಹೋಗಿ ನಿಂತಿತೆಂಬುದರಿಂದ ಅಡ್ಡಿ ಇರುವ ಜಾಗ ತಿಳಿಯುತ್ತದೆ. ಉಬ್ಬರ ಹೆಚ್ಚಾಗಿದ್ದರೆ ಎಡಪಕ್ಕೆಯಲ್ಲಿ ಚುಚ್ಚಿ ಗಾಳಿ ಬಿಡುತ್ತಾರೆ. ಗಂಟಲ ಹತ್ತಿರವಿರುವ ವಸ್ತುವನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ಬಾಯಿಂದ ತೆಗೆಯುವುದುಂಟು.

ಇದಾವುದೂ ಸಾಗದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಕತ್ತಿಗೆ ಮರಗಟ್ಟಿಸುವ ಸೂಜಿ ಕೊಟ್ಟು, ಪಕ್ಕದ ದೊಡ್ಡ ರಕ್ತನಾಳಗಳಿಗೂ ನರಕ್ಕೂ ತಾಗದಂತೆ ಚರ್ಮ ಕೊಯ್ದು, ಅನ್ನನಾಳವನ್ನು ಉದ್ದುದ್ದಕ್ಕೆ ಸೀಳಿ ವಸ್ತುವನ್ನು ತೆಗೆದು ಪದರಪದರವಾಗಿ ಹೊಲಿಯುತ್ತಾರೆ. ಅಡ್ಡಿಯು ಎದೆಯೊಳಗೆ ಹೊಟ್ಟೆಯ ಬಾಯಿಗೆ ಹತ್ತಿರವಿದ್ದರೆ ಎಡಪಕ್ಕೆಯಿಂದ ದೊಡ್ಡ ಹೊಟ್ಟೆಯನ್ನು ತೆರೆದು, ಒಳಗಿನಿಂದ ಕೈಹಾಕಿ ತೆಗೆಯುವುದುಂಟು.

ನುಂಗಿದಾಗಲೆಲ್ಲ ಅನ್ನನಾಳ ಅಲುಗುವುದರಿಂದ ಅದರ ಗಾಯ ಬೇಗ ಮಾಯುವುದಿಲ್ಲ. ಹಾಗಾಗಿ ವೈದ್ಯರು ಹೇಳಿದಷ್ಟು ದಿನ ಮೇವು ಹಾಕದೆ, ರಕ್ತನಾಳದ ಮೂಲಕವೇ ಗ್ಲೂಕೋಸು ಕೊಡಿಸಬೇಕು. ತಡವಾದಷ್ಟೂ ವಸ್ತು ಒತ್ತಿದ ಜಾಗ ಕೊಳೆಯುವುದರಿಂದ, ಬೆಳಗಾಗಲೆಂದು ಕಾಯಬಾರದು. ತೆಲಂಗಾಣದಲ್ಲಿ 2017ರಲ್ಲಿ ಆರಂಭವಾದ ಸಂಚಾರಿ ಪಶುಚಿಕಿತ್ಸಾ ಸೇವೆಯ ಸಂಖ್ಯೆ 1962.

ಗೆಣಸು, ತೆನೆಗಳನ್ನು ಕತ್ತರಿಸಿಯೇ ಹಾಕಿರಿ. ಓಟೆಗಳನ್ನು ಕೊಟ್ಟಿಗೆಯ ಬಳಿ ಎಸೆಯಬೇಡಿರಿ. ಬಾಯಲ್ಲಿ ತುತ್ತಿರುವ ದನವನ್ನು ಬೆದರಿಸಿ ಓಡಿಸಬೇಡಿರಿ. ಗಾಬರಿಯಲ್ಲಿ ಅದು ಇಡಿಯದನ್ನೇ ನುಂಗಿಬಿಡುತ್ತದೆ.