ಚೌಕ ಕಿಂಡಿಯ ಮೂಲೆಗಳು

ಸರ್ಕ್ಯೂಟ್ ಬೋರ್ಡಿನಲ್ಲೋ ಅಲ್ಯೂಮಿನಿಯಂ ತಗಡಿನಲ್ಲೋ ಡಿಸ್‌ಪ್ಲೇ ಕೂರಿಸಲು ಕಿಂಡಿ ಬೇಕು ಎನ್ನಿ. ನೇರ ಬದಿಗಳು ಸುಲಭವಾಗಿ ಬಂದುಬಿಡುತ್ತವೆ. ಕೆಲಸ ಕಗ್ಗಂಟಾಗುವುದು ಮೂಲೆಗಳಲ್ಲಿ. ತನ್ನ ಅಕ್ಷದ ಮೇಲೆಯೇ ತಿರುಗುವ ಬಿಟ್ ತನ್ನ ತ್ರಿಜ್ಯಕ್ಕಿಂತ ಚೂಪಾದ ಒಳಮೂಲೆ ಕೊರೆಯಲಾರದು. ಕಾರ್ಖಾನೆಯ ರೂಟರ್ ಯಂತ್ರದಲ್ಲೂ ಅಷ್ಟೇ: 2 ಮಿ.ಮೀ. ಬಿಟ್ ಹಾಕಿದರೆ ಮೂಲೆಯಲ್ಲಿ 1 ಮಿ.ಮೀ. ತ್ರಿಜ್ಯದ ದುಂಡು ಉಳಿದೇ ಉಳಿಯುತ್ತದೆ.

ಹಾಗಾದರೆ ಅಕ್ಷವನ್ನೇ ಅಲುಗಾಡಿಸಿದರೆ? ಬದಿಗಳು ಉಬ್ಬಿದ ಒಂದು ತ್ರಿಕೋನವಿದೆ. ಜರ್ಮನಿಯ ಎಂಜಿನಿಯರ್ ಫ್ರಾನ್ಸ್ ರೂಲೋ ಹೆಸರಿನದು. ಯಾವ ದಿಕ್ಕಿನಿಂದ ಅಳೆದರೂ ಅದರ ಅಗಲ ಒಂದೇ. ಹಾಗಾಗಿ ಚೌಕದೊಳಗೆ ಇಟ್ಟು ತಿರುಗಿಸಿದರೆ ಸದಾ ನಾಲ್ಕೂ ಬದಿಗಳಿಗೆ ತಾಗಿಕೊಂಡೇ ಸುತ್ತುತ್ತದೆ, ಚೌಕದ ಸುಮಾರು ಶೇ. 98.8ರಷ್ಟು ಜಾಗವನ್ನು ಸವರುತ್ತದೆ. ಈ ತತ್ವದ ಮೇಲೆ ಹ್ಯಾರಿ ವಾಟ್ಸ್ ಚೌಕ ತೂತಿನ ಡ್ರಿಲ್ ಮಾಡಿ 1917ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ತಿರುಗುವಾಗ ತ್ರಿಕೋನದ ಕೇಂದ್ರ ನಿಂತಲ್ಲಿ ನಿಲ್ಲದ ಕಾರಣ ಅದಕ್ಕೆ ಓಲಾಡುವ ಚಕ್ ಬೇಕು, ದಾರಿ ತೋರಲು ಚೌಕ ಚೌಕಟ್ಟೂ ಬೇಕು. ಅದ್ಭುತ ಉಪಾಯ, ಆದರೂ ಮೂಲೆ ತುಸು ದುಂಡೇ.

ನಮ್ಮ ಮೇಜಿನ ಮೇಲಿನ ಕೆಲಸಕ್ಕೆ ಸಾದಾ ಡ್ರಿಲ್ಲೇ ಸಾಕು, ಮೂಲೆಗಳಿಂದ ಶುರು ಮಾಡಿದರೆ. ಗೆರೆ ಎಳೆದ ಮೇಲೆ ಎರಡೂ ಬದಿಗಳಿಂದ 0.7 ಮಿ.ಮೀ. ಒಳಗೆ ಕೇಂದ್ರ ಗುರುತಿಸಿ 2 ಮಿ.ಮೀ. ತೂತು ಕೊರೆಯಿರಿ. ತೂತಿನ ಅಂಚು ಮೂಲೆಯ ತುದಿಗೆ ಬಂದು ನಿಲ್ಲುತ್ತದೆ, ಗೆರೆಯಾಚೆ ಚಾಚುವುದು 0.3 ಮಿ.ಮೀ. ಮಾತ್ರ. ಚೂಪು ಮೂಲೆಯ ಬಿಡಿಭಾಗವೂ ಈಗ ಸಲೀಸಾಗಿ ಕೂರುತ್ತದೆ. ಇನ್ನೊಂದು ಲಾಭವೂ ಇದೆ: ಚೂಪಾದ ಒಳಮೂಲೆಯಲ್ಲಿ ಒತ್ತಡ ಒಟ್ಟಾಗಿ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ದುಂಡು ತೂತು ಅದನ್ನು ಹಂಚಿಬಿಡುತ್ತದೆ. ಅಕ್ರಿಲಿಕ್ ಹಾಳೆಯಲ್ಲಂತೂ ಇದನ್ನು ಮರೆಯಲೇಬಾರದು.

ಆಮೇಲೆ ಸಣ್ಣ ಹಲ್ಲಿನ ಗರಗಸದಿಂದ ಗೆರೆಗಿಂತ ಅರ್ಧ ಮಿ.ಮೀ. ಒಳಗೇ ಕೊಯ್ದು, ಉಳಿದದ್ದನ್ನು ಚಪ್ಪಟೆ ಅರದಿಂದ ಉಜ್ಜಿ ತೆಗೆಯಬೇಕು. ತಾಮ್ರದ ಕಡೆಯಿಂದ ಬೋರ್ಡಿನ ಕಡೆಗೇ ಅರವನ್ನು ತಳ್ಳಿ. ಎದುರು ದಿಕ್ಕಿನಲ್ಲಿ ತಳ್ಳಿದರೆ ತಾಮ್ರದ ಪದರ ಎದ್ದು ಬರುತ್ತದೆ. ಕೊರೆಯುವಾಗ ಅಡಿಗೆ ಮರದ ತುಂಡು ಒತ್ತಾಗಿರಲಿ. ಒಂದೇ ಅಳತೆಯ ನೂರು ತಗಡುಗಳಿದ್ದರೆ ಮಾತ್ರ ಪಂಚ್ ಮತ್ತು ಡೈ ಮಾಡಿಸುವುದು ಲೇಸು.

ಹಸಿರು ಬೋರ್ಡುಗಳು ಸಾಮಾನ್ಯವಾಗಿ ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದ ಮಾಡಿದವು. ಆ ಗಾಜು ಸಾದಾ ಉಕ್ಕಿನ ಬಿಟ್ಟನ್ನು ಬೇಗ ಮೊಂಡಾಗಿಸುತ್ತದೆ. ಕಾರ್ಬೈಡ್ ಬಾಳುತ್ತದೆ, ಆದರೆ ಓರೆಯಾದರೆ ಫಟ್ಟನೆ ಮುರಿಯುತ್ತದೆ. ಬೋರ್ಡಿನ ಪುಡಿ ಶ್ವಾಸಕೋಶಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ, ಉಜ್ಜುವಾಗ ಬೋರ್ಡನ್ನು ಒದ್ದೆ ಮಾಡಿಕೊಳ್ಳಿ, ಪುಡಿಯನ್ನು ಬಾಯಿಂದ ಊದದೆ ಹಸಿ ಬಟ್ಟೆಯಿಂದ ಒರೆಸಿ.